ಕಣ್ಣಂಚಿನ ತಾಮ್ರ

ನಾಗಮಂಗಲ
14 ಜೂನ್ 2023

ಜಯಾ,

ಪಾಂಡವಪುರದಿಂದ ಬಂದಾಗಿನಿಂದ ನಿನಗೆ ಫೋನು ಮಾಡುತ್ತಲೇ ಇದ್ದೇನೆ. ಮೊದಲು ರಿಂಗಾದರೂ ಆಗುತ್ತಿತ್ತು, ನಿನ್ನೆಯಿಂದ ಅದೂ ಇಲ್ಲ. ನನ್ನ ನಂಬರು ಬ್ಲಾಕ್ ಮಾಡಿದ್ದೀಯ ಅಂದುಕೊಂಡು ಕಾಗದ ಬರೆಯುತ್ತಿದ್ದೇನೆ. ಕೆ.ಆರ್. ಪೇಟೆಯ ಹಾಸ್ಟೆಲಿನಿಂದ ರಜೆಗೆ ಊರಿಗೆ ಹೋದಾಗ ನಾವು ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ. ಹರಿದು ಹಾಕುವ ಮೊದಲು ಒಂದು ಸಲ ಓದು.

ನಮ್ಮ ಹಾಸ್ಟೆಲಿನ ಕೌಸಲ್ಯಳ ಗೃಹಪ್ರವೇಶದಲ್ಲಿ ನಾನು ಮಾತಾಡಿದ ರೀತಿ ತಪ್ಪು. ಊಟದ ಸಾಲಿನಲ್ಲಿ ನಿನ್ನ ಅಣ್ಣ ಹೊನ್ನಪ್ಪ, ಅತ್ತಿಗೆ, ಅವರ ಕಡೆಯವರೆಲ್ಲ ಕೂತಿದ್ದಾಗ, “ಜಯಾ, ನಿನ್ನ ಮಗನ ಮಾತು ಯಾಕೆ ಹೀಗೆ ಎಳೆಯುತ್ತೆ? ಕೈ ಯಾಕೆ ತಿರುಚಿಕೊಂಡಿದೆ? ತಲೆ ಸ್ಕ್ಯಾನ್ ಮಾಡಿಸಿದ್ದೀಯಾ?” ಅಂತ ಕೇಳಿಬಿಟ್ಟೆ. ನೀನು ಎಲೆ ಬಿಟ್ಟು ಎದ್ದೆ. ನಿನ್ನ ಹಿಂದೆಯೇ ಅಪ್ಪುವೂ ಎದ್ದ. ಅವನ ಕೈಯಲ್ಲಿ ಇನ್ನೂ ಒಬ್ಬಟ್ಟಿನ ಚೂರು ಇತ್ತು.

ಕೇಳಿದ ಜಾಗ ತಪ್ಪು, ಕೇಳಿದ ಮಾತು ತಪ್ಪಲ್ಲ. ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಮೆಡಿಕಲ್ ಓದುವ ಮಕ್ಕಳಿಗೆ ಅಂಗರಚನೆ ಪಾಠ ಮಾಡುವವಳು. ಆದರೂ ಕೇಳು. ಊಟದಲ್ಲಿ ಬರುವ ತಾಮ್ರ ಕೆಲವರ ದೇಹದಿಂದ ಹೊರಗೆ ಹೋಗುವುದಿಲ್ಲ. ಅದು ಮೊದಲು ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕೂಡುತ್ತದೆ, ಆಮೇಲೆ ಮಿದುಳಿನಲ್ಲಿ. ವಿಲ್ಸನ್ ಕಾಯಿಲೆ ಎನ್ನುತ್ತಾರೆ. ಅಪ್ಪುವಿನ ವಯಸ್ಸಿನಲ್ಲೇ ಅದು ಕಾಣಿಸಿಕೊಳ್ಳುವುದು. ಬೇಗ ಗೊತ್ತಾದರೆ ಮಾತ್ರೆಯಲ್ಲೇ ತಡೆಯಬಹುದು. ಅವನಿಗೆ ಅದು ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಒಂದು ರಕ್ತ ಪರೀಕ್ಷೆ ಮಾಡಿಸು, ಕಣ್ಣಿನ ಡಾಕ್ಟರಿಗೆ ಒಂದು ಸಲ ತೋರಿಸು. ತಾಮ್ರ ಕೂತಿದ್ದರೆ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಬಳೆಯ ಹಾಗೆ ಕಾಣುತ್ತದೆ.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಅವನನ್ನು ಮಾತ್ರ ಕರೆದುಕೊಂಡು ಹೋಗು.

ನಿನ್ನ
ಅಪರ್ಣ

•

ಸಿಂಧಘಟ್ಟ
2 ಜುಲೈ 2023

ಡಾಕ್ಟರ್ ಅಪರ್ಣ ಅವರಿಗೆ,

ನಿಮ್ಮ ಕಾಗದ ತಲುಪಿತು.

ನನ್ನ ಮಗನಿಗೆ ಏನೂ ಆಗಿಲ್ಲ. ಸೆಕೆಂಡ್ ಪಿಯುಸಿ ಓದು ಜಾಸ್ತಿಯಾಗಿ ಸೊರಗಿದ್ದಾನೆ. ಯಾವಾಗಲೂ ಫೋನು ಹಿಡಿದು ಕೈ ಹಾಗಾಗಿದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನೀವು ಹಾಗೆ ಕೇಳಿದ ಮೇಲೆ ನಮ್ಮ ಅತ್ತಿಗೆ ಫೋನು ಮಾಡಿ, “ಅಪ್ಪೂಗೆ ಮೂರ್ಛೆಗೀರ್ಛೆ ಏನಾರಾ ಐತಾ? ಇದ್ರೆ ಹೇಳ್ಬುಡು” ಎಂದು ವಿಚಾರಿಸಿದರು. ನನ್ನ ಮಗಳು ಅನುವನ್ನು ಅವರ ಮಗ ರಾಹುಲನಿಗೆ ಕೊಡುವ ಮಾತು ನಡೆಯುತ್ತಿದೆ. ನಿಮಗೆ ಅದು ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ.

ನಾನು ಸೋದರಮಾವನನ್ನು ಮದುವೆಯಾದಾಗಲೂ ನೀವು ಹೀಗೆಯೇ ಹಾಸ್ಟೆಲಿನಲ್ಲಿ ಎಲ್ಲರ ಮುಂದೆ ಹೇಳಿದ್ದಿರಿ. ಒಂದೇ ರಕ್ತ, ಹುಟ್ಟುವ ಮಕ್ಕಳಿಗೆ ತೊಂದರೆ ಎಂದು. ಹೇಳಿದ್ದು ಯಾವಾಗ ನಿಜವಾಗುತ್ತದೆ ಎಂದು ಇಷ್ಟು ವರ್ಷ ಕಾದಿದ್ದಿರೇನೋ.

ನಿಮ್ಮ ಕೈಗೆ ಬರುವವರು ಸತ್ತವರು. ಅವರ ಪಕ್ಕದಲ್ಲಿ ಅವರ ಅವ್ವಂದಿರು ನಿಂತಿರುವುದಿಲ್ಲ. ಆ ಕಣ್ಣಲ್ಲಿ ನನ್ನ ಮಗನನ್ನು ನೋಡಬೇಡಿ.

ಜಯಲಕ್ಷ್ಮಮ್ಮ ಚಿಕ್ಕಸ್ವಾಮಿ

•

ಶ್ರೀರಂಗಪಟ್ಟಣ
26 ಅಕ್ಟೋಬರ್ 2023

ಜಯಾ,

ದಸರಾ ರಜೆಗೆ ಅಪ್ಪನ ಮನೆಗೆ ಬಂದಿದ್ದೇನೆ. ಅವರು ನಿನ್ನನ್ನು ಕೇಳಿದರು. “ನಿನ್ನ ಜೊತೆ ಬರ್ತಿದ್ದಳಲ್ಲ, ಕಪ್ಪೆಯ ಚಿತ್ರ ನಿನಗಿಂತ ಚೆನ್ನಾಗಿ ಬರೀತಿದ್ದಳು, ಆ ಹುಡುಗಿ ಡಾಕ್ಟರಾದಳೇನೆ?” ಎಂದರು. ಈಗ ಅವರಿಗೆ ಮರೆವು. ನಾನು ಹೂಂ ಅಂದೆ.

ನಾನು ಕಾದಿದ್ದೆ ಅಂತ ಬರೆದಿದ್ದೀಯ. ಆ ಮಾತನ್ನು ನಾನು ಯಾರಿಗೂ ತೋರಿಸಿಲ್ಲ, ಮರೆತೂ ಇಲ್ಲ. ನಿನ್ನ ಮದುವೆಗೆ ಮುಂಚೆ ನಾನು ಹೇಳಬೇಕೆಂದಿದ್ದು ಬೇರೆ. ನೀನು ಹೋಗಬೇಡ, ನನ್ನ ಜೊತೆ ಓದು ಅನ್ನಬೇಕಿತ್ತು. ಅದು ಬಾಯಿಗೆ ಬರಲಿಲ್ಲ, ರಕ್ತದ ಮಾತು ಬಂತು.

ಇದಕ್ಕೆ ಉತ್ತರ ಬರೆಯಬೇಡ. ಪರೀಕ್ಷೆ ಮಾಡಿಸಿದ್ದರೆ ಸಾಕು. ಮಾಡಿಸಿಲ್ಲದಿದ್ದರೆ ಇನ್ನೂ ತಡ ಮಾಡಬೇಡ.

ಅಪರ್ಣ

•

ಸಿಂಧಘಟ್ಟ
9 ಮಾರ್ಚ್ 2024

ಅಪರ್ಣ,

ನೀನು ಹೇಳಿದ ಕಾಯಿಲೆಯೇ.

ಫೋನು ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಫೋನಿನಲ್ಲಿ ಆಡಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ನಿನ್ನ ದನಿ ಕೇಳಿದರೆ ನನಗೆ ಮಾತೂ ಹೊರಡುವುದಿಲ್ಲ.

ನಿನ್ನ ಎರಡನೇ ಕಾಗದ ಬಂದ ಹೊತ್ತಿಗೆ ಅವನಿಗೆ ಜೊಲ್ಲು ಸುರಿಯುವುದಕ್ಕೆ ಶುರುವಾಗಿತ್ತು. ಬಾಯಿ ಮುಚ್ಚುತ್ತಿರಲಿಲ್ಲ, ಯಾವಾಗಲೂ ನಕ್ಕ ಹಾಗೆ ಇರುತ್ತಿತ್ತು. ಪಾಠ ನಡೆಯುವಾಗ ಹಲ್ಲು ಬಿಡುತ್ತಾನೆಂದು ಕಾಲೇಜಿನಲ್ಲಿ ಹೊರಗೆ ನಿಲ್ಲಿಸಿದರಂತೆ. ನಮ್ಮ ಬೀದಿಯ ರಂಗಸ್ವಾಮಿಯವರು ತೀರಿಕೊಂಡಾಗ ಹೆಣದ ಮುಂದೆ ನಿಂತೂ ನಗುತ್ತಿದ್ದ. ಮಾವ ಎಲ್ಲರೆದುರು ಕೆನ್ನೆಗೆ ಬಾರಿಸಿದರು. (ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನನ್ನು ಮಾವ ಎಂದೇ ಕರೆಯುತ್ತೇನೆ. ಅವ್ವನ ತಮ್ಮ, ಬಾಯಿಗೆ ಬೇರೆ ಬರುವುದಿಲ್ಲ.) “ಸತ್ತೋರ್ ಮನೇಲಿ ಹಲ್ ಕಿರೀತೀಯೇನ್ಲಾ?” ಎಂದರು. ಹೊಡೆದ ಮೇಲೂ ನಗು ಹೋಗಲಿಲ್ಲ ಕಣೇ. ಕಣ್ಣಲ್ಲಿ ಬಳಬಳನೆ ನೀರು, ಬಾಯಲ್ಲಿ ಅದೇ ನಗು. ಆಗಲೂ ನನಗೆ ನಿನ್ನ ಕಾಗದ ನೆನಪಾಯಿತು. ಮನೆಗೆ ಬಂದು ಅವನಿಗೆ ದೃಷ್ಟಿ ತೆಗೆದೆ.

ಆಮೇಲೆ ದೇವಸ್ಥಾನಗಳಾದವು, ಯಂತ್ರ ಕಟ್ಟಿಸಿದ್ದಾಯಿತು. ಒಬ್ಬರು ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಅವರು ಕೊಟ್ಟ ಮಾತ್ರೆಗೆ ಕೊರಡಿನ ಹಾಗೆ ಬಿಗಿದುಕೊಂಡ. ಸಂಕ್ರಾಂತಿ ಕಳೆದ ಮೇಲೆ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡ. ಹೊಲಿಗೆ ಹಾಕಿಸಲು ಹೋದಲ್ಲಿ, ಇದು ಬಿದ್ದದ್ದರಿಂದ ಆದದ್ದಲ್ಲ, ಮೈಸೂರಿಗೆ ಹೋಗಿ ಎಂದರು. ಮೈಸೂರಿನಲ್ಲಿ ಒಬ್ಬ ನರದ ಡಾಕ್ಟರು ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಕಣ್ಣನ್ನೇ ನೋಡಿದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ಕಪ್ಪಿನ ಸುತ್ತ ಒಂದು ಬಳೆ, ತಿಕ್ಕದೆ ಇಟ್ಟ ತಾಮ್ರದ ಚೊಂಬಿನ ಬಣ್ಣ. ಹುಟ್ಟಿದಾಗಿನಿಂದ ಆ ಕಣ್ಣಿಗೆ ಕಾಡಿಗೆ ಹಚ್ಚಿದವಳು ನಾನು. ನನಗೆ ಕಂಡಿರಲಿಲ್ಲ.

“ಯಾರೂ ಮೊದಲೇ ಅನುಮಾನ ಪಡಲಿಲ್ವೇನಮ್ಮ?” ಎಂದು ಡಾಕ್ಟರು ಕೇಳಿದರು.

ಇಲ್ಲ ಅಂದೆ.

ಸ್ಕ್ಯಾನಿನ ಚಿತ್ರದಲ್ಲಿ ಮಿದುಳಿನ ನಡುವೆ ಎರಡೂ ಪಕ್ಕ ಬೆಳ್ಳಗೆ ಕಾಣುತ್ತದೆ. ಅದೇನೋ ಗ್ಯಾಂಗ್ಲಿಯ ಅಂದರು. ಅವರಿಗೆ ಹೇಳಲು ಪುರುಸೊತ್ತಿರಲಿಲ್ಲ, ನನಗೆ ಕೇಳಲು ಧೈರ್ಯವಿರಲಿಲ್ಲ. ನೀನು ಹೇಳು. ನನಗೆ ಅರ್ಥವಾಗುವ ಹಾಗೆ ಹೇಳು. ನನ್ನ ಮಗನ ತಲೆಯೊಳಗೆ ಏನಾಗಿದೆ? ಅವನು ಯಾಕೆ ನಗುತ್ತಾನೆ?

ಜಯ

•

ನಾಗಮಂಗಲ
16 ಮಾರ್ಚ್ 2024

ಜಯಾ,

ಮೊದಲು ನಿನ್ನ ಕೊನೆಯ ಪ್ರಶ್ನೆ. ಅವನು ನಗುತ್ತಿಲ್ಲ. ಮುಖದ ಸ್ನಾಯುಗಳು ಹಾಗೆ ಸೆಟೆದುಕೊಂಡಿವೆ. ಅದನ್ನು ಸಡಿಲ ಮಾಡುವುದು ಅವನ ಕೈಯಲ್ಲಿಲ್ಲ. ಒಳಗೆ ಅವನು ಮೊದಲಿನ ಅಪ್ಪುವೇ. ನೀನು ಹೇಳಿದ್ದು ಕೇಳುತ್ತದೆ, ಅರ್ಥವಾಗುತ್ತದೆ, ಅಳು ಬರುತ್ತದೆ. ಇದನ್ನು ಚಿಕ್ಕಸ್ವಾಮಿಯವರಿಗೂ ಹೇಳು. ಎರಡು ಸಲ ಹೇಳು.

ಈಗ ತಲೆಯೊಳಗಿನದು. ನಿಮ್ಮೂರ ಕೆರೆಯನ್ನು ನೆನೆದುಕೋ. ಕೆರೆಯ ನೀರು ಯಾವಾಗಲೂ ತಳ್ಳುತ್ತಲೇ ಇರುತ್ತದೆ. ತೂಬು ಮುಚ್ಚಿರುವುದರಿಂದ ಗದ್ದೆ ಕೊಚ್ಚಿಹೋಗದೆ ಉಳಿದಿದೆ. ನಮ್ಮ ಮೈಯೂ ಹಾಗೆ. ನಾವು ಅಲುಗಾಡದೆ ಕೂತಾಗ ಮಿದುಳು ಸುಮ್ಮನಿದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಆಗ ಅದು ಬೇಡದ ಚಲನೆಗಳನ್ನೆಲ್ಲ ಹಿಡಿದು ನಿಲ್ಲಿಸಿರುತ್ತದೆ. ಆ ಕೆಲಸ ಮಾಡುವ ನರಗಂಟುಗಳು ಮಿದುಳಿನ ಬುಡದಲ್ಲಿ, ಎಡಕ್ಕೂ ಬಲಕ್ಕೂ, ಜೋಡಿಯಾಗಿ ಇವೆ. ನಿಮ್ಮ ಡಾಕ್ಟರು ಗ್ಯಾಂಗ್ಲಿಯ ಅಂದದ್ದು ಇವನ್ನೇ.

ಇವುಗಳಲ್ಲಿ ಪ್ಯಾಲಿಡಮ್ ಎಂಬ ಗಂಟು ತೂಬಿನ ಬಾಗಿಲು ಹಿಡಿದು ಕೂತವನ ಹಾಗೆ. ಹಗಲಿರುಳೂ ಬಿಗಿಹಿಡಿದಿರುವುದೇ ಅವನ ಕೆಲಸ. ಅದರ ಹೊರಮಗ್ಗುಲಿಗೆ ಪುಟಾಮೆನ್, ಮೇಲಕ್ಕೆ ಬಾಲದ ಹಾಗೆ ಬಾಗಿದ ಕಾಡೇಟ್. ಇವೆರಡೂ ಸೇರಿ ನೀರಗಂಟಿ, ಯಾವ ಗದ್ದೆಗೆ ಯಾವಾಗ ನೀರು ಅಂತ ಹೇಳುವವನು. ಲೋಟ ಎತ್ತಬೇಕು ಅಂತ ಮಿದುಳಿನ ಮೇಲ್ಪದರ ನೆನೆದರೆ ಆ ಸುದ್ದಿ ಮೊದಲು ನೀರಗಂಟಿಗೆ ಬರುತ್ತದೆ. ಅವನು ಬಾಗಿಲು ಹಿಡಿದವನ ಹೆಗಲು ಮುಟ್ಟಿ, “ಇದೊಂದನ್ನು ಬಿಡು” ಅನ್ನುತ್ತಾನೆ. ಹಿಡಿತ ಸಡಿಲವಾಗುತ್ತದೆ. ಥಲಾಮಸ್ ಎಂಬ ಕಾಲುವೆಯಲ್ಲಿ ಸುದ್ದಿ ಮತ್ತೆ ಮೇಲಕ್ಕೆ ಹರಿದು ಕೈ ಏಳುತ್ತದೆ. ಅದೇ ಹೊತ್ತಿಗೆ ನೀರಗಂಟಿ ಇನ್ನೊಂದು ಸುದ್ದಿಯನ್ನು ಬಳಸುದಾರಿಯಲ್ಲಿ ಕಳಿಸುತ್ತಾನೆ, “ಮಿಕ್ಕದ್ದನ್ನು ಇನ್ನೂ ಬಿಗಿ ಮಾಡು” ಅಂತ. ಯಾವ ಮಾತಿಗೆ ಎಷ್ಟು ಬಲ ಅನ್ನುವುದನ್ನು ನಡುಮಿದುಳಿನಲ್ಲಿರುವ ಒಂದು ಕಪ್ಪು ಪಟ್ಟೆ ನೋಡಿಕೊಳ್ಳುತ್ತದೆ. ಒಂದು ಲೋಟ ಎತ್ತಲು ಇಷ್ಟು ಜನ ಬೇಕು. ನಮಗೆ ಗೊತ್ತೇ ಆಗುವುದಿಲ್ಲ.

ಅಪ್ಪುವಿನ ತಾಮ್ರ ಹೋಗಿ ಕೂತದ್ದು ಹೆಚ್ಚಾಗಿ ಪುಟಾಮೆನ್ನಿನಲ್ಲಿ. ನೀರಗಂಟಿ ಬೀಳುತ್ತಿದ್ದಾನೆ. ತೆರೆಯಬೇಕಾದ್ದು ತೆರೆಯುವುದಿಲ್ಲ, ಅದಕ್ಕೇ ಬಿಗಿತ, ಮಾತಿನ ಎಳೆತ. ಮುಚ್ಚಬೇಕಾದ್ದು ಸೋರುತ್ತದೆ, ಅದಕ್ಕೇ ನಡುಕ, ತಿರುಚು, ಆ ನಗು.

ತಾಮ್ರವನ್ನು ಹೊರಗೆ ಹಾಕುವ ಮಾತ್ರೆ ಕೊಟ್ಟಿರುತ್ತಾರೆ. ಜೀವನಪೂರ್ತಿ ಬಿಡಬಾರದು. ಒಂದು ಮಾತು ಮುಂಚೆಯೇ ಹೇಳುತ್ತೇನೆ. ಶುರು ಮಾಡಿದ ಕೆಲವು ವಾರ ಕೆಲವರಿಗೆ ಇನ್ನೂ ಹದಗೆಡುತ್ತದೆ, ಅಲುಗಿದ ತಾಮ್ರ ಮತ್ತೆ ಮಿದುಳಿಗೆ ನುಗ್ಗುವುದರಿಂದ. ಹಾಗಾದರೆ ನೀವೇ ಮಾತ್ರೆ ನಿಲ್ಲಿಸಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ. ಈಲಿ, ಕಡಲೆಕಾಯಿ, ಅಣಬೆ, ಚಾಕಲೇಟು ಬೇಡ. ತಾಮ್ರದ ಪಾತ್ರೆಯ ನೀರೂ ಬೇಡ.

ಇನ್ನೊಂದು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಈ ಕಾಯಿಲೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಮಗುವಿಗೆ ಬರುತ್ತದೆ. ನಿಮ್ಮಿಬ್ಬರಲ್ಲೂ ಅದರ ಅರ್ಧರ್ಧ ಇದೆ, ನಿಮಗೇನೂ ಆಗುವುದಿಲ್ಲ. ಆದರೆ ಅನುವಿಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳು ಗಟ್ಟಿಮುಟ್ಟಾಗಿದ್ದಾಳೆ ಅಂತ ಬಿಡಬೇಡ. ಗಟ್ಟಿಮುಟ್ಟಾಗಿರುವಾಗಲೇ ನೋಡಿಸಬೇಕಾದ್ದು.

ಅಪರ್ಣ

•

ಸಿಂಧಘಟ್ಟ
30 ಏಪ್ರಿಲ್ 2024

ಅಪರ್ಣ,

ನೀನು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ, ಅವನು ನಗುತ್ತಿಲ್ಲ ಅನ್ನುವ ಜಾಗವನ್ನು ಎರಡು ಸಲ. ಅವರು ಎದ್ದು ಕೊಟ್ಟಿಗೆಗೆ ಹೋದರು. ಹಾಲು ಕರೆಯುವ ಹೊತ್ತು ಮೀರಿ ಹಸುಗಳು ಕೂಗಿದರೂ ಅಲ್ಲೇ ಕೂತಿದ್ದರು.

ಅಜ್ಜಿಯದು ಇನ್ನೊಂದು ಪಾಡು. ನಿನಗೆ ಅಣ್ಣಮ್ಮಜ್ಜಿ ಗೊತ್ತಲ್ಲ, ಅವ್ವನ ಅವ್ವ, ಈಗ ನನಗೆ ಅತ್ತೆ. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಮೊಮ್ಮಗನಿಗೆ ಕುಡಿಸುವುದು ಅವರ ಪದ್ಧತಿ, ಮೈಗೆ ಒಳ್ಳೆಯದೆಂದು. ನಾನು ಚೊಂಬು ಎತ್ತಿಟ್ಟೆ. “ಯಾಕವ್ವಾ?” ಎಂದರು, ಹೇಳಿದೆ. “ನನ್ ಕೈಯಾರ ಕುಡಿಸ್ಬುಟ್ನಲ್ಲೋ ಮಗಾ” ಎಂದು ಎದೆ ಬಡಿದುಕೊಂಡರು. ಅದರಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಅವನ ಕೋಣೆಯ ಹೊಸ್ತಿಲು ದಾಟುತ್ತಿಲ್ಲ. ಬಾಗಿಲಲ್ಲಿ ಕೂತು ಒಳಗೆ ನೋಡುತ್ತಾರೆ.

ಮಾತ್ರೆ ಶುರುವಾದ ಮೇಲೆ ಅವನು ಎದ್ದು ನಿಲ್ಲುವುದೂ ಹೋಯಿತು. ನೀನು ಮುಂಚೆಯೇ ಬರೆದಿದ್ದೆ, ನಿಜ. ಡಾಕ್ಟರು ಪ್ರಮಾಣ ಇಳಿಸಿ, ಜೊತೆಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ಆದರೆ ನಡೆದುಕೊಂಡು ಆಸ್ಪತ್ರೆಗೆ ಹೋದ ಮಗನನ್ನು ನಾವು ಈಗ ಎತ್ತಿ ಕೂರಿಸುತ್ತಿದ್ದೇವೆ. ನೀರೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಳಾದದ್ದು ಹಾಳಾಗಲು ಬಿಟ್ಟಿದ್ದರೆ ಇನ್ನೂ ಸ್ವಲ್ಪ ದಿನ ಅವನು ಅವ್ವಾ ಎನ್ನುತ್ತಿದ್ದನೇನೋ ಅನ್ನಿಸುತ್ತದೆ. ಹಾಗೆ ಅನ್ನಿಸಬಾರದು. ಅನ್ನಿಸುತ್ತದೆ.

ಅನುವಿನ ವಿಷಯ ಬೇಡ. ಸಂತೆಬಾಚಹಳ್ಳಿಯಿಂದ ಹೊನ್ನಪ್ಪಣ್ಣ ಬಂದು ಅಪ್ಪುವನ್ನು ನೋಡಿಕೊಂಡು ಹೋದ. ಬಿದ್ದದ್ದರಿಂದ ಹೀಗಾಯಿತು ಎಂದಿದ್ದೇವೆ. ಶ್ರಾವಣದಲ್ಲಿ ಶಾಸ್ತ್ರ ಮುಗಿಸೋಣ ಎಂದಿದ್ದಾನೆ. ಈಗ ಅವಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಊರೆಲ್ಲ ಗೊತ್ತಾಗುತ್ತದೆ. ಅವಳಿಗೆ ಏನೂ ಇಲ್ಲ. ಕೆ.ಆರ್. ಪೇಟೆ ಕಾಲೇಜಿಗೆ ಹೋಗಿ ಬರುತ್ತಾಳೆ, ಬಂದು ಹುಲ್ಲು ಕೊಯ್ಯುತ್ತಾಳೆ. ಒಂದು ಮಗು ಹೀಗೆ ಮಲಗಿದೆ. ಇನ್ನೊಂದನ್ನಾದರೂ ನನಗೆ ಬಿಡು.

ಜಯ

•

ಸಿಂಧಘಟ್ಟ
19 ಮೇ 2024

ಅಪರ್ಣ ಆಂಟಿಗೆ ಅನು ಮಾಡುವ ನಮಸ್ಕಾರಗಳು.

ನೀವು ಅಮ್ಮನಿಗೆ ಬರೆದ ಕಾಗದವನ್ನು ಓದಿದೆ. ಅಮ್ಮ ಅದನ್ನು ಅಪ್ಪನಿಗೆ ಓದಿ ಹೇಳುವಾಗ ಕೊನೆಯ ಭಾಗ ಬಿಟ್ಟುಬಿಟ್ಟರು. ದನಿ ಅಲ್ಲಿಗೆ ನಿಂತಿದ್ದು ನನಗೆ ಗೊತ್ತಾಯಿತು.

ನಾನು ಬಿ.ಎಸ್‌ಸಿ. ಕೊನೆಯ ವರ್ಷ. ನಾಲ್ಕರಲ್ಲಿ ಒಂದು ಅಂದರೆ ಏನೆಂದು ನನಗೆ ಗೊತ್ತು ಆಂಟಿ. ಆದರೂ ಸುಮ್ಮನಿದ್ದೆ. ರಾಹುಲ್ ಒಳ್ಳೆಯವನು. ಚಿಕ್ಕಂದಿನಿಂದ ನೋಡಿದ್ದೇನೆ. ಮದುವೆಯಾದ ಮೇಲೆ ನೋಡಿಕೊಂಡರಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮೊನ್ನೆ ಅಪ್ಪುವಿಗೆ ಗಂಜಿ ಕುಡಿಸುತ್ತಿದ್ದೆ. ಅವನು ಎಡಗೈ ಎತ್ತಿ ನನ್ನ ಕಣ್ಣ ಹತ್ತಿರ ತಂದ. ಕೈ ನಡುಗಿ ಬೆರಳು ನನ್ನ ಹುಬ್ಬಿಗೆ ಚುಚ್ಚಿತು. ನೋವಾಯಿತೆಂದು ಹಿಂದೆ ಸರಿದೆ. ಅವನು ಮತ್ತೆ ತಂದ. “ಏನೋ ಬೇಕು?” ಎಂದೆ. “ನೋ... ಡ್ಸು” ಎಂದ. ಎಷ್ಟೋ ದಿನವಾಗಿತ್ತು ಅವನ ಬಾಯಿಂದ ಮಾತು ಬಂದು. “ಏನ್ ನೋಡ್ಸಣ್ಲಾ? ನಂಗೇನೂ ಆಗಿಲ್ಲ ಕಣೋ” ಎಂದೆ. ಅವನು ಗಂಜಿ ಕುಡಿಯಲು ಬಾಯಿ ತೆರೆಯಲಿಲ್ಲ. ಎಷ್ಟು ಹೇಳಿದರೂ ತೆರೆಯಲಿಲ್ಲ. ಹೋಗ್ತೀನಿ ಎಂದ ಮೇಲೆಯೇ ಕುಡಿದದ್ದು.

ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಬರಬಹುದೇ? ಅಮ್ಮನಿಗೆ ಈಗ ಹೇಳಬೇಡಿ. ಏನೇ ಬಂದರೂ ನಾನೇ ಹೇಳುತ್ತೇನೆ.

ಅನು

•

ನಾಗಮಂಗಲ
27 ಮೇ 2024

ಪ್ರೀತಿಯ ಅನು,

ಬಾ. ಶುಕ್ರವಾರ ಸಂಜೆಯೇ ಬಂದು ನನ್ನ ಮನೆಯಲ್ಲಿ ಇರು. ಕಣ್ಣು ಮತ್ತು ರಕ್ತದ ಪರೀಕ್ಷೆ ಬೇಗ ಮುಗಿಯುತ್ತವೆ. ಆದರೆ ಒಂದು ಇಡೀ ದಿನದ ಮೂತ್ರವನ್ನು ಶೇಖರಿಸಿ ಕೊಡಬೇಕು, ಅದು ನಿಮ್ಮ ಮನೆಯಲ್ಲಿ ಆಗದ ಕೆಲಸ. ಅಮ್ಮನಿಗೆ ಏನು ಹೇಳಿ ಬರುತ್ತೀಯೋ ನಿನಗೆ ಬಿಟ್ಟದ್ದು. ಗೆಳತಿಯ ಮದುವೆಗೆ ಅಂತ ಹೇಳುವುದಾದರೆ ಸೀರೆ ಉಟ್ಟುಕೊಂಡು ಹೊರಡು.

ನಿನ್ನ ಅಮ್ಮನಿಗೆ ತಿಳಿಯದ ಹಾಗೆ ಇದನ್ನು ಮಾಡುವುದು ನನಗೆ ಸರಿಬರುತ್ತಿಲ್ಲ. ಮಾಡದೆ ಬಿಡುವುದು ಅದಕ್ಕಿಂತ ಸರಿಯಲ್ಲ. ನೀನು ದೊಡ್ಡವಳು, ಪರೀಕ್ಷೆ ನಿನ್ನದು, ಅದರಲ್ಲಿ ಏನು ಬಂತೆಂದು ಹೇಳುವ ಹಕ್ಕೂ ನಿನ್ನದು.

ಅಪರ್ಣ

•

ಸಿಂಧಘಟ್ಟ
22 ಆಗಸ್ಟ್ 2024

ಅಪರ್ಣ,

ಅನುವಿಗೂ ಇದೆಯಂತೆ. ನನಗಿಂತ ಮುಂಚೆ ನಿನಗೆ ಗೊತ್ತು. ನಿನ್ನನ್ನು ಬೈಯಬೇಕೆಂದು ಕೂತೆ, ಬರುತ್ತಿಲ್ಲ.

ಸಂತೆಬಾಚಹಳ್ಳಿಯವರು ಶಾಸ್ತ್ರದ ದಿನ ಗೊತ್ತುಮಾಡಲು ಬರುವವರಿದ್ದರು. ನಾನು ಅಡುಗೆಮನೆಯಲ್ಲಿ ಬೇಳೆ ಕಟ್ಟು ಬಸಿಯುತ್ತಿದ್ದೆ. ಅನು ಬಂದು ಹಿಂದೆ ನಿಂತಳು. “ಅಮ್ಮಾ, ನಂಗೂ ಐತೆ. ಇನ್ನೂ ತಲೆಗೆ ಹೋಗಿಲ್ಲ, ಈಲಿಯಲ್ಲೇ ಐತಂತೆ. ಮಾತ್ರೆ ತಗೊಂಡ್ರೆ ಏನೂ ಆಗಲ್ವಂತೆ” ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪು ಹಟ ಹಿಡಿದದ್ದಕ್ಕೆ ನಿನ್ನ ಹತ್ತಿರ ಬಂದಿದ್ದಳಂತೆ. ಅವಳ ಬ್ಯಾಗಿನಲ್ಲಿ ಎರಡು ತಿಂಗಳಿನಿಂದ ಮಾತ್ರೆ ಇತ್ತಂತೆ. ಊಟಕ್ಕೆ ಮುಂಚೆ ಬಚ್ಚಲಿಗೆ ಹೋಗಿ ನುಂಗುತ್ತಿದ್ದಳಂತೆ. ನನ್ನ ಮನೆಯಲ್ಲಿ ನನ್ನ ಮಗಳು ಬದುಕುವುದಕ್ಕೆ ಕದ್ದು ಮಾತ್ರೆ ನುಂಗಬೇಕಾಯಿತು.

ಕಟ್ಟಿನ ಪಾತ್ರೆ ಕೈಯಲ್ಲೇ ಇತ್ತು. ಅಜ್ಜಿಗೂ ಕೇಳಿಸಿತ್ತು. ಒಳಗೆ ಬಂದು ನನ್ನ ತೋಳು ಹಿಡಿದರು. “ಬಾಯ್ ಬುಡ್ಬ್ಯಾಡ ಕಣವ್ವಾ. ತಾಳಿ ಒಂದು ಬಿದ್ಬುಡ್ಲಿ. ಅಂಗೂ ಇಂಗೂ ಮಾತ್ರೆ ನುಂಗ್ಕಂಡ್ ಇರ್ತಾಳೆ” ಎಂದರು. ಮಾವನ ಮುಖ ನೋಡಿದೆ. “ನಿನ್ ಅಣ್ಣ, ನಿನ್ ಇಷ್ಟ” ಎಂದು ಹೊರಗೆ ಹೋದರು.

ಅವರು ಬಂದರು, ಊಟ ಮಾಡಿದರು. ಅತ್ತಿಗೆ ಅನುವಿಗೆ ಹೂ ಮುಡಿಸಲು ಎದ್ದರು. ಅಲ್ಲಿಯವರೆಗೂ ನಾನು ಸುಮ್ಮನಿದ್ದೆ. ಸುಮ್ಮನೇ ಇದ್ದುಬಿಡುತ್ತೇನೆ ಅಂದುಕೊಂಡಿದ್ದೆ. ಕೋಣೆಯಿಂದ ಅಪ್ಪು ಕೆಮ್ಮಿದ್ದು ಕೇಳಿತು. ಅತ್ತಿಗೆಯ ಕೈ ಹಿಡಿದೆ.

“ಅತ್ತಿಗೆ, ನಿಂತ್ಕಳಿ. ಅಪ್ಪೂಗೆ ಬಿದ್ದು ಇಂಗಾಗಿದ್ದಲ್ಲ. ಹುಟ್ನಿಂದ ಬಂದಿದ್ದು. ಅನೂಗೂ ಐತೆ. ಔಷ್ದಿ ತಗೊಂಡ್ರೆ ಅವ್ಳು ಚೆನ್ನಾಗೇ ಇರ್ತಾಳೆ. ಆದ್ರೆ ಅಣ್ಣಾ, ಅದರ ಅರ್ಧ ನಿನ್ನಲ್ಲೂ ಇರ್ಬೋದು, ರಾಹುಲನಲ್ಲೂ ಇರ್ಬೋದು. ಮದ್ವೆ ಮಾಡಿ, ಬುಡಿ. ಮಕ್ಕಳ್ ರಕ್ತ ಮಾತ್ರ ನೋಡ್ಸು.”

ಹೊನ್ನಪ್ಪಣ್ಣ “ನಮ್ ಮನೇಗೂ ಅಂಟಿಸ್ಬುಟ್ಟೆ ಅಲ್ವೇನವ್ವಾ?” ಎಂದು ಎದ್ದ. ಒಡಹುಟ್ಟಿದವನು. ರಾಹುಲ್ ಚಪ್ಪಲಿ ಮೆಟ್ಟುತ್ತಾ ಅನುವನ್ನು ಒಂದು ಸಲ ನೋಡಿದ.

ಅವರು ಹೋದ ಮೇಲೆ ಅನು ತಟ್ಟೆಗಳನ್ನು ಎತ್ತಿದಳು. ನಾನು ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಪೊರಕೆ ತೆಗೆದುಕೊಂಡು ಗುಡಿಸಿದೆ.

ಜಯ

•

ನಾಗಮಂಗಲ
3 ಸೆಪ್ಟೆಂಬರ್ 2024

ಜಯಾ,

ಈ ವಾರ ಮೊದಲ ವರ್ಷದ ಮಕ್ಕಳಿಗೆ ಮಿದುಳಿನ ಪಾಠ. ಅಡ್ಡಲಾಗಿ ಕೊಯ್ದ ಮಿದುಳನ್ನು ಕೈಯಲ್ಲಿ ಹಿಡಿದು ಪುಟಾಮೆನ್ ಎಲ್ಲಿದೆ ಅಂತ ತೋರಿಸುತ್ತಿದ್ದೆ. ಒಂದು ಹುಡುಗಿ, “ಮೇಡಂ, ಇವರ ಹೆಸರೇನಿತ್ತು?” ಎಂದಳು. ಬೇರೆ ದಿನವಾಗಿದ್ದರೆ ಪಾಠ ನೋಡಮ್ಮ ಅನ್ನುತ್ತಿದ್ದೆ. ಅವತ್ತು ಗೊತ್ತಿಲ್ಲ ಅಂದೆ. ಆಮೇಲೆ ಅವರಿಗೂ ಒಬ್ಬ ತಾಯಿ ಇದ್ದಳು ಅಂದೆ.

ಕೌಸಲ್ಯಳ ಮನೆಯಲ್ಲಿ ನಾನು ಕೈ ತೊಳೆಯುವ ನೆಪದಲ್ಲಿ ನಿನ್ನನ್ನು ಹಿತ್ತಲಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ ಹೇಳಿದ್ದರೆ ನೀನು ಆ ವಾರವೇ ಹೋಗುತ್ತಿದ್ದೆ. ಹೋಗುತ್ತಿದ್ದೆ ಅಲ್ವಾ? ನನಗೆ ಕಂಡದ್ದು ಸರಿ ಅನ್ನುವ ಆತುರದಲ್ಲಿ ನಿನ್ನ ಮುಖ ಕಾಣಲಿಲ್ಲ. ಇದಕ್ಕೂ ಉತ್ತರ ಬರೆಯಬೇಡ.

ಅಪರ್ಣ

•

ಸಿಂಧಘಟ್ಟ
16 ಫೆಬ್ರವರಿ 2025

ಅಪರ್ಣ,

ಉತ್ತರ ಬೇಡ ಅಂದಿದ್ದೆ. ಹೋಗುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆವತ್ತು ನೀನು ಹೇಗೆ ಹೇಳಿದ್ದರೂ ನನಗೆ ಸಿಟ್ಟು ಬರುತ್ತಿತ್ತೋ ಏನೋ. ಇಬ್ಬರೂ ಅದನ್ನು ಅಲ್ಲಿಗೇ ಬಿಡೋಣ. ಬಿಡಲಾಗುವುದಿಲ್ಲ, ಆದರೂ ಬಿಡೋಣ.

ಇಲ್ಲಿಯ ಸುದ್ದಿ ಹೇಳುತ್ತೇನೆ. ರಾಹುಲನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು. ನಮ್ಮನ್ನು ಕರೆಯಲಿಲ್ಲ. ಆದರೆ ಅಣ್ಣ ಮೈಸೂರಿಗೆ ಹೋಗಿ ಮಕ್ಕಳಿಬ್ಬರ ರಕ್ತವನ್ನೂ ನೋಡಿಸಿದನೆಂದು ಯಾರೋ ಹೇಳಿದರು. ನಮಗೆ ಹೇಳದಿದ್ದರೂ ನೋಡಿಸಿದನಲ್ಲ. ಅನು ಪಾಂಡವಪುರದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಮಾತ್ರೆ ಈಗ ಅಡುಗೆಮನೆಯ ಗೂಡಿನಲ್ಲಿದೆ, ಉಪ್ಪಿನ ಡಬ್ಬಿಯ ಪಕ್ಕ. ನಾನೇ ಕೈಗೆ ಕೊಡುತ್ತೇನೆ.

ಅಪ್ಪು ಗೋಡೆ ಹಿಡಿದು ಜಗಲಿಯವರೆಗೆ ಬರುತ್ತಾನೆ. ಜೊಲ್ಲು ನಿಂತಿದೆ. ಬಲಗೈ ಬಿಚ್ಚಿಕೊಳ್ಳಲಿಲ್ಲ, ಇನ್ನು ಬಿಚ್ಚಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಮುಖದಲ್ಲಿ ಆ ನಗು ಸ್ವಲ್ಪ ಉಳಿದಿದೆ. ಮಾವ ಈಗ ದಿನಾ ಅವನ ಗಡ್ಡ ತೆಗೆಯುತ್ತಾರೆ. ಹೊಡೆದ ಕೆನ್ನೆಗೆ ಬ್ಲೇಡು ಬಂದಾಗ ಅವರ ಕೈ ನಿಧಾನವಾಗುತ್ತದೆ.

ಮಾತು ಬರುತ್ತದೆ, ಎಳೆದು ಎಳೆದು. ನನಗೆ, ಅನುವಿಗೆ ಅರ್ಥವಾಗುತ್ತದೆ. ನೆನ್ನೆ ಮಧ್ಯಾಹ್ನ ಮುದ್ದೆ ಮೆತ್ತಗೆ ಮಾಡಿ ತಿನ್ನಿಸುತ್ತಿದ್ದೆ. ಅನು ಶಾಲೆಗೆ ಹೋಗಿದ್ದಳು. ಅವನು ತಿನ್ನುವುದು ನಿಲ್ಲಿಸಿ ಕೇಳಿದ.

“ಅವ್ವಾ. ಆ ಆಂಟಿ... ಹೇಳ್ದಾಗ್ಲೇ... ನೋಡ್ಸಿದ್ರೆ... ನಾನೂ... ಅನೂ ತರಾನೇ... ಇರ್ತಿದ್ನಾ?”

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬಂದಾಗ ಹೇಳಲು ಒಂದು ಉತ್ತರವನ್ನೂ ಇಟ್ಟುಕೊಂಡಿದ್ದೆ. ಅದಾಗಲೇ ತಲೆಗೆ ಹೋಗಿತ್ತು ಕಣಪ್ಪ, ಯಾವಾಗ ನೋಡಿಸಿದ್ದರೂ ಅಷ್ಟೇ, ಎಂದು. ಬಾಯಿ ತೆರೆದೆ. ಅವನು ನನ್ನನ್ನೇ ನೋಡುತ್ತಿದ್ದ. ನನ್ನಿಂದ ಆಗಲಿಲ್ಲ.

“ಪೂರ್ತಿ ಅವಳಂಗೆ ಆಗ್ತಿದ್ಯೋ ಇಲ್ವೋ ಮಗಾ. ಆದ್ರೆ ಇಂಗಾಯ್ತಿರ್ಲಿಲ್ಲ. ಮಾತು ಇರ್ತಿತ್ತು. ಕೈ ಇರ್ತಿತ್ತು. ಅವ್ರ ಮಾತ್ನ ನಾನು ಕೇಳ್ಲಿಲ್ಲ.”

ಅವನು ಕಣ್ಣು ಮುಚ್ಚಿದ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಸಾಕು ಅಂದುಕೊಂಡೆ. ಆಮೇಲೆ, ಒಂದೊಂದು ಅಕ್ಷರವನ್ನೂ ಮೇಲಕ್ಕೆ ಎತ್ತಿದ ಹಾಗೆ, ಹೇಳಿದ.

“ಅನೂ... ವಿಷ್ಯಕ್ಕೆ... ಕೇಳ್ದೆ... ಅಲ್ವಾ.”

ಅವಳ ವಿಷಯಕ್ಕೂ ನಾನು ನಿನ್ನ ಮಾತು ಕೇಳಿರಲಿಲ್ಲ ಅಪರ್ಣ. ಅವಳನ್ನು ಪರೀಕ್ಷೆಗೆ ಕಳಿಸಿದವನು ಅವನು. ಅದನ್ನು ಹೇಳಲು ಹೋದೆ. ಅವನು ತಲೆ ಅಲ್ಲಾಡಿಸಿ ಬಾಯಿ ತೆರೆದ. ಮುಂದಿನ ತುತ್ತು ಇಟ್ಟೆ.

ಜಯ